ಊಟದ ಬೋಗಿಯ ಗೂಟ

ಅವನಿಗೆ ಗೂಟ ಅಂತ ಹೆಸರು ಬಿದ್ದದ್ದು ರೈಲಿನ ಅಡುಗೆಮನೆಯಲ್ಲಿ. ಗಾಡಿ ತಿರುವಿನಲ್ಲಿ ಎಷ್ಟೇ ವಾಲಲಿ, ಎಷ್ಟೇ ಕುಲುಕಲಿ, ಉಳಿದವರೆಲ್ಲ ಗೋಡೆ, ಸರಳು, ಪಕ್ಕದವನ ಭುಜ ಅಂತ ಕೈಗೆ ಸಿಕ್ಕಿದ್ದನ್ನು ಹಿಡಿದು ತೂರಾಡುತ್ತಿದ್ದರೆ, ಇವನೊಬ್ಬ ಕಾಲು ಅಗಲಿಸಿ ನೆಲಕ್ಕೆ ಹೊಡೆದ ಗೂಟದ ಹಾಗೆ ನಿಂತು ಈರುಳ್ಳಿ ಹೆಚ್ಚುತ್ತಿದ್ದ. ಹೆಸರಿಟ್ಟವನು ಅವನಿಗೆ ಕೆಲಸ ಕಲಿಸಿದ ಉಸ್ತಾದ. ಹೆಸರಿಟ್ಟ ದಿನವೇ ಸೌಟಿನ ಹಿಂಬದಿಯಿಂದ ತಲೆಗೊಂದು ಬಿಗಿದಿದ್ದ. ಗೂಟ ಅಂದಮೇಲೆ ಏಟು ಬೀಳೋದು ತಲೆಗೇ ತಾನೆ ಅಂತ ಅವನ ತಮಾಷೆ.

ಉಸ್ತಾದ ಅಂದರೆ ಆ ಊಟದ ಬೋಗಿಯ ಹಿರಿಯ ಅಡುಗೆಯವ. ಬೋಳುತಲೆ, ಮೊಣಕೈವರೆಗೂ ಸುಟ್ಟ ಕಲೆಗಳು, ಎಡಕ್ಕೆ ತಿರುಗಿದ ಸೊಟ್ಟ ಮೂಗು. ಆ ಮೂಗಿನ ಕಥೆಯನ್ನು ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಹೇಳುತ್ತಿದ್ದ. ಗೂಟನಿಗೂ ಹೇಳಿದ.

"ನೀವೆಲ್ಲ ಪುಣ್ಯವಂತರು ಕಣೋ. ರೈಲಿಗೆ ಊಟದ ಬೋಗಿ ಅಂತ ಇಲ್ಲದ ಕಾಲ ನೀವು ನೋಡ್ಲಿಲ್ಲ. ಆಗ ದೊಡ್ಡ ಸ್ಟೇಷನ್ನಲ್ಲಿ ಗಾಡಿ ನಿಲ್ಲಬೇಕು, ಜನ ಇಳಿದು ಓಡಿ ಬಂದು ತಿನ್ನಬೇಕು, ಸೀಟಿ ಹೊಡೆಯೋದ್ರೊಳಗೆ ವಾಪಸ್ ಹತ್ತಬೇಕು. ನಾನು ಅಂಥ ಒಂದು ಸ್ಟೇಷನ್ ಹೋಟ್ಲಲ್ಲಿದ್ದೆ. ನಮ್ಮ ಯಜಮಾನ ಸೂಪನ್ನ ಕೊತಕೊತ ಕುದಿಯೋವಾಗ್ಲೇ ಬಟ್ಟಲಿಗೆ ಹಾಕಿಸ್ತಿದ್ದ. ನಾಲಿಗೆ ಇಟ್ರೆ ಸುಡ್ತದೆ. ಪಾಪ, ಅವರು ಊದ್ಕೊಂಡು ಊದ್ಕೊಂಡು ಎರಡು ಚಮಚ ಕುಡಿಯೋದ್ರೊಳಗೆ ಸೀಟಿ. ಬಟ್ಟಲು ಬಿಟ್ಟು ಓಡೋರು. ಅದನ್ನೇ ಮತ್ತೆ ಪಾತ್ರೆಗೆ ಸುರಿಯೋದು, ಮುಂದಿನ ಗಾಡಿಗೆ ಬಡಿಸೋದು. ಒಂದಿನ ಯಾರೋ ಒಬ್ಬ ಗಾಡಿ ತಪ್ಪಿಸ್ಕೊಂಡು ಅಲ್ಲೇ ಉಳಿದ. ಸುರಿಯೋದನ್ನ ಕಣ್ಣಾರೆ ಕಂಡ. ಮುಂದಿನ ಗಾಡಿ ಬರೋ ಹೊತ್ತಿಗೆ ಪ್ಲಾಟ್‌ಫಾರಂಗೆಲ್ಲ ಸುದ್ದಿ. ಯಜಮಾನನ ಕತ್ತು ಹಿಡಿದು ಅದೇ ಪಾತ್ರೆಗೆ ಮುಖ ಅದ್ದಿದ್ರು. ನನಗೆ ಬೆಂಚಿನ ಕಾಲು ಮುರಿದು ಅದರಲ್ಲೇ ಮೂಗಿಗೆ ಕೊಟ್ರು. ಇಂಥ ರಗಳೆ ಬೇಡ ಅಂತಾನೇ ರೈಲಿನೋರು ಗಾಡಿಗೇ ಒಂದು ಅಡುಗೆಮನೆ ಕಟ್ಟಿದ್ದು."

ನಿಜವೋ, ಬಾಯಿಗೆ ಬಂದಿದ್ದೋ, ಮೂಗಂತೂ ಸೊಟ್ಟಗಿತ್ತು.

ಬೋಗಿಯ ಮುಕ್ಕಾಲು ಪಾಲು ಊಟದ ಹಾಲ್, ಪ್ರಯಾಣಿಕರು ಕೂರುವ ಜಾಗ. ಬಿಳಿ ಮೇಜುವಸ್ತ್ರ, ಬೆಳ್ಳಿ ಬಣ್ಣದ ಚಮಚ, ಕಿಟಕಿಗೆ ಪರದೆ. ಉಳಿದ ಕಾಲು ಭಾಗದಲ್ಲಿ ಅಡುಗೆಮನೆ, ಅದರ ಪಕ್ಕದಲ್ಲೇ ಒಬ್ಬರು ಅಡ್ಡಡ್ಡ ಹೋಗುವಷ್ಟು ಓಣಿ. ಅಡುಗೆಮನೆಗೂ ಬಡಿಸುವವರ ಕಟ್ಟೆಗೂ ನಡುವೆ ಒಂದು ಕಿಂಡಿ. ಕಿಂಡಿಗೆ ತಾಗಿದ ಹಾಗೇ ಕಲ್ಲಿದ್ದಲಿನ ಕಬ್ಬಿಣದ ಒಲೆ. ಪಾತ್ರೆಗಳು ಜಾರದ ಹಾಗೆ ಅದರ ಸುತ್ತ ಸರಳು. ಒಲೆಯ ಮೈ ಕಾದರೆ ನೀರಿನ ಹನಿ ಅದರ ಮೇಲೆ ಕುಣಿದು ಮಾಯವಾಗುತ್ತಿತ್ತು. ಅಲ್ಲಿ ನಾಲ್ಕು ಜನ ಒಬ್ಬರ ಬೆವರು ಒಬ್ಬರಿಗೆ ಅಂಟಿಸಿಕೊಂಡು ದುಡಿಯುತ್ತಿದ್ದರು. ಹಾಲಿನಲ್ಲಿ ಕೂತವರಿಗೆ ಇದರ ವಾಸನೆ ಬಿಟ್ಟರೆ ಬೇರೇನೂ ಗೊತ್ತಾಗುತ್ತಿರಲಿಲ್ಲ. ಆಲೂಗಡ್ಡೆ ದಪ್ಪಗೆ ಹೆಚ್ಚಿದರೆ ಬೆನ್ನಿಗೆ ಸೌಟು. ಹಾಲು ಉಕ್ಕಿದರೆ ಕಿವಿಗೆ ಸೌಟು. ಉಸ್ತಾದನ ಕೈಯಲ್ಲಿ ಬಾಯಿಗಿಂತ ಹೆಚ್ಚು ಮಾತಿತ್ತು. ಗೂಟನ ಮೈ ಮೊದಲ ವರ್ಷವೆಲ್ಲ ಹಸಿರು ನೀಲಿ. ಮನೆಗೆ ಹೋದರೆ ಅಕ್ಕ ಎಣ್ಣೆ ಕಾಯಿಸಿ ತಿಕ್ಕುತ್ತಿದ್ದಳು.

ಈ ಅಕ್ಕನೇ ಅವನನ್ನು ಸಾಕಿದವಳು. ತಾಯಿ ತೀರಿಕೊಂಡಾಗ ಅವನಿಗಿನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ. ಅವನಿಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕ ಸೊಂಟಕ್ಕೆ ಏರಿಸಿಕೊಂಡವಳು ಇಳಿಸಲೇ ಇಲ್ಲ ಅನ್ನಬೇಕು. ಒಂದು ದಿನವೂ ಅವನ ಮೇಲೆ ಕೈ ಎತ್ತಲಿಲ್ಲ. ಅವಳ ಗಂಡ ಅದೇ ಊಟದ ಬೋಗಿಯಲ್ಲಿ ಬಡಿಸುವವರ ಮೇಲ್ವಿಚಾರಕ. ಗೂಟನಿಗೆ ಕೆಲಸ ಕೊಡಿಸಿದ್ದೂ ಆ ಭಾವನೇ. ಬೋಗಿಯ ಮೇಜುವಸ್ತ್ರಗಳನ್ನು ಒಗೆದು ಇಸ್ತ್ರಿ ಮಾಡುವ ಕೆಲಸ ಅಕ್ಕನಿಗೆ ಬಂದದ್ದೂ ಅವನಿಂದಲೇ.

ಉಸ್ತಾದ ಸತ್ತದ್ದು ಹಾಡಹಗಲು. ಹಳಿಯ ಮೇಲೆ ಯಾರದೋ ಎತ್ತಿನ ಗಾಡಿ ಸಿಕ್ಕಿಕೊಂಡಿತ್ತಂತೆ, ಡ್ರೈವರ್ ಒಮ್ಮೆಲೇ ಬ್ರೇಕ್ ಹಾಕಿದ. ಮೂಳೆ ಬೇಯುತ್ತಿದ್ದ ದೊಡ್ಡ ಪಾತ್ರೆ ಸರಳನ್ನೂ ಹಾರಿ ಬಂತು. ಉಸ್ತಾದ ಆಗ ಬಗ್ಗಿ ಇದ್ದಲು ಕೆದಕುತ್ತಿದ್ದ. ಕುದಿಯುವ ನೀರು ತಲೆಯಿಂದ ಸೊಂಟದವರೆಗೆ ಸುರಿಯಿತು. ಅವನು ಕಿರುಚಿದ ಸದ್ದು ಹಾಲಿನವರೆಗೂ ಹೋಯಿತು; ಬ್ರೇಕಿನ ಸದ್ದು ಅಂದುಕೊಂಡರಂತೆ. ಗೂಟ ಅವನ ಅಂಗಿ ಬಿಚ್ಚಲು ಹೋದ. ಅಂಗಿಯ ಜೊತೆಗೆ ಚರ್ಮವೂ ಬಂತು. ಮುಂದಿನ ಸ್ಟೇಷನ್ ಬರುವಷ್ಟರಲ್ಲಿ ಉಸ್ತಾದನ ನರಳಾಟ ನಿಂತುಹೋಗಿತ್ತು. ಭಾವ ಕಿಂಡಿಯಿಂದ ಇಣುಕಿ ನೋಡಿ, ದನಿ ತಗ್ಗಿಸಿ ಕೇಳಿದ:

"ಇಪ್ಪತ್ತು ಊಟ ಬಾಕಿ ಇದೆ. ಮಾಡ್ತೀಯಾ?"

ಗೂಟ ಉಸ್ತಾದನ ಮೇಲೆ ಒಂದು ಮೇಜುವಸ್ತ್ರ ಹೊದಿಸಿ, ನೆಲ ಒರೆಸಿ, ಇಪ್ಪತ್ತು ಊಟ ಮಾಡಿದ. ಅವತ್ತಿನಿಂದ ಸೌಟು ಅವನ ಕೈಗೆ ಬಂತು.

ಸೌಟಿನ ಜೊತೆ ಅದರ ಹಿಂಬದಿಯೂ ಬಂತು. ಹೊಡೆಸಿಕೊಂಡು ಕಲಿತವನಿಗೆ ಹೊಡೆಯದೆ ಕಲಿಸುವುದು ಹೇಗಂತ ಗೊತ್ತಿರಲಿಲ್ಲ. ಪಾತ್ರೆ ತೊಳೆಯುವವನೊಬ್ಬನಿದ್ದ, ಗೂಟನಿಗಿಂತ ವಯಸ್ಸಿನಲ್ಲಿ ಹಿರಿಯ, ಹೆಂಡತಿ ಮಕ್ಕಳೊಂದಿಗ. ಒಂದು ದಿನ ಅವನು ಬೆಣ್ಣೆಯ ಬಟ್ಟಲಿಗೆ ಸಾಬೂನಿನ ನೀರು ಚೆಲ್ಲಿದ. ಗೂಟ ಹಿಂದೆ ಮುಂದೆ ನೋಡದೆ ಸೌಟು ಬೀಸಿದ. ಅವನ ಮುಂದಿನ ಹಲ್ಲುಗಳು ತೊಟ್ಟಿಯೊಳಗೆ ಉದುರಿದವು. ಅಂದಿನಿಂದ ಅವನಿಗೆ ಬೊಚ್ಚ ಅಂತಲೇ ಹೆಸರಾಯಿತು. ಆ ಹೆಸರಿಗೆ ಎಲ್ಲರೂ ನಕ್ಕರು. ಬೊಚ್ಚನೂ ನಕ್ಕ, ನಗದೆ ಇನ್ನೇನು ಮಾಡಿಯಾನು.

ಭಾವನ ಸಂಗತಿ ಬೇರೆ. ಅವನು ಬೋಗಿಯಲ್ಲಿ ಯಾರ ಮೇಲೂ ಕೈ ಮಾಡಿದವನಲ್ಲ, ದನಿ ಎತ್ತಿದವನಲ್ಲ. ಇಸ್ತ್ರಿ ಮುರಿಯದ ಬಿಳಿ ಕೋಟು, ಬೆಣ್ಣೆಯಂಥ ಮಾತು. ಮುದುಕಿಯರಿಗೆ ಕುರ್ಚಿ ಎಳೆದು ಕೊಡುವನು. ಗಾಡಿ ಎಷ್ಟು ಕುಲುಕಿದರೂ ಬಟ್ಟಲಿನಿಂದ ಒಂದು ಹನಿ ಚೆಲ್ಲಿಸುತ್ತಿರಲಿಲ್ಲ. ಮನೆಗೆ ಹೋದ ಮೇಲೆ ಕೋಟು ಬಿಚ್ಚಿ ಮೊಳೆಗೆ ನೇತುಹಾಕುತ್ತಿದ್ದ, ಆಮೇಲೆ ಅಕ್ಕನಿಗೆ ಹೊಡೆಯುತ್ತಿದ್ದ. ಗೂಟನ ಕೋಣೆಗೂ ಅಕ್ಕನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಮೊದಲು ತಟ್ಟೆ ಬಿದ್ದ ಸದ್ದು ಕೇಳುತ್ತಿತ್ತು, ಆಮೇಲೆ ಧಪ್ ಧಪ್ ಅಂತ ಹಾಸಿಗೆ ಕೊಡವಿದ ಹಾಗೆ ಇನ್ನೊಂದು ಸದ್ದು. ಅಕ್ಕನ ದನಿ ಮಾತ್ರ ಕೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಒದ್ದೆ ಮೇಜುವಸ್ತ್ರಗಳನ್ನು ಒಂದೇ ಕೈಯಲ್ಲಿ ಹಿಂಡುವುದನ್ನು ಗೂಟ ನೋಡಿದ. ಇನ್ನೊಂದು ಮಣಿಕಟ್ಟು ಊದಿತ್ತು.

"ಏನಾಯ್ತಕ್ಕ?"

"ಒಗೆಯೋ ಕಲ್ಲಿನ ಹತ್ರ ಜಾರಿದೆ."

"ಪ್ರತಿ ವಾರ ಜಾರ್ತೀಯಲ್ಲ."

"ಪಾಚಿ ಕಟ್ಟಿದೆ, ಜಾರ್ತೀನಿ." ಅವಳು ಬಟ್ಟೆಯಿಂದ ಕಣ್ಣು ಎತ್ತಲಿಲ್ಲ. "ನೋಡು, ಅವರು ನಿನಗೆ ಅನ್ನದ ದಾರಿ ತೋರಿಸಿದವರು. ನಮ್ಮ ಮನೆ ವಿಷಯಕ್ಕೆ ನೀನು ಬರಬೇಡ. ನನ್ನಾಣೆ."

ಪಕ್ಕದ ಮನೆಯ ಸಿಗ್ನಲ್ಲಿನವನ ಹೆಂಡತಿಗೂ ಎಲ್ಲ ಕೇಳುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಗಾದೆ ಹೇಳಿ ಕಿಟಕಿ ಮುಚ್ಚಿಕೊಳ್ಳುತ್ತಿದ್ದಳು. ಇಲ್ಲಿ ಉಂಡ ಮೇಲೇ ಜಗಳ ಶುರುವಾಗುತ್ತಿತ್ತು, ಅಷ್ಟೇ ವ್ಯತ್ಯಾಸ.

ಹೀಗೆ ವರ್ಷಗಳು ಹೋದವು. ಆಣೆ ಹಾಕಿದ್ದಕ್ಕೆ ಗೂಟ ಸುಮ್ಮನಿದ್ದ ಅನ್ನುವುದು ಅರ್ಧ ನಿಜ. ಉಳಿದರ್ಧ ಏನೆಂದರೆ, ಭಾವನ ಮುಂದೆ ನಿಂತರೆ ಅವನಿಗೆ ಇನ್ನೂ ಕೆಲಸ ಕೇಳಿಕೊಂಡು ಬಂದವನಂತೆ ನಾಲಿಗೆ ಒಣಗುತ್ತಿತ್ತು. ಆ ಸಿಟ್ಟನ್ನೆಲ್ಲ ಅಡುಗೆಮನೆಯವರ ಬೆನ್ನ ಮೇಲೆ ತೀರಿಸಿಕೊಳ್ಳುತ್ತಿದ್ದ.

ಒಂದು ದಿನ ಗಾಡಿ ಹೊರಡುವ ಮುಂಚೆ ಮೇಜುವಸ್ತ್ರದ ಗಂಟು ತರಲು ಅಕ್ಕನ ಮನೆಗೆ ಹೋದ. ಅಕ್ಕ ಬಾಗಿಲಿಗೆ ಬರಲಿಲ್ಲ. ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಎಡಗಣ್ಣು ಮುಚ್ಚಿಹೋಗಿತ್ತು, ಕಿವಿಯಿಂದ ರಕ್ತ ಇಳಿದು ಕತ್ತಿನ ಮೇಲೆ ಒಣಗಿತ್ತು. ಇಸ್ತ್ರಿಪೆಟ್ಟಿಗೆ ನೆಲದ ಮೇಲೆ ಬಿದ್ದಿತ್ತು, ಕೆಂಡವೆಲ್ಲ ಆರಿ ಬೂದಿಯಾಗಿತ್ತು. ಒಂದು ಮೇಜುವಸ್ತ್ರದ ಮೂಲೆ ಸುಟ್ಟಿತ್ತು. ಅದಕ್ಕೇ ಅವಳಿಗೆ ಅಷ್ಟು ಬಿದ್ದದ್ದು.

"ಅಕ್ಕ," ಅಂದ.

ಅವಳು ಏನೋ ಕೇಳಿಸಿತು ಎನ್ನುವ ಹಾಗೆ ಇನ್ನೊಂದು ಕಡೆಗೆ ತಿರುಗಿ ನೋಡಿದಳು. ಏಟು ತಿಂದ ಕಿವಿಗೆ ಅವನ ದನಿ ಕೇಳಿರಲಿಲ್ಲ.

ಗೂಟ ಗಂಟು ಹೊತ್ತುಕೊಂಡು ಹೋದ. ಗಾಡಿ ಹೊರಟಿತು. ಅವನು ಒಲೆ ಹೊತ್ತಿಸಿದ, ಮಾಂಸಕ್ಕೆ ಉಪ್ಪು ಹಚ್ಚಿದ, ಬೊಚ್ಚನ ಜೊತೆ ಒಂದು ಮಾತೂ ಆಡಲಿಲ್ಲ. ಅವತ್ತು ಯಾರಿಗೂ ಒಂದು ಏಟೂ ಬೀಳಲಿಲ್ಲ, ಅದೇ ತನಗೆ ಹೆದರಿಕೆ ತಂದಿತ್ತು ಅಂತ ಬೊಚ್ಚ ಆಮೇಲೆ ಹೇಳಿದ.

ಮಧ್ಯಾಹ್ನದ ಊಟ ಶುರುವಾಯಿತು. ಹಾಲ್ ಜನರಿಂದ ತುಂಬಿತ್ತು. ಭಾವ ಕಿಂಡಿಯಿಂದ ಬಲಗೈ ಚಾಚಿ ತಟ್ಟೆ ತೆಗೆದುಕೊಳ್ಳುತ್ತ, "ಒಂದು ಮೇಜಿನ ಮೇಲೆ ಸುಟ್ಟ ಬಟ್ಟೆ ಹಾಕಬೇಕಾಗಿ ಬಂತಲ್ಲ ಮಾರಾಯ. ನಿನ್ನಕ್ಕನಿಗೆ ಕೆಲಸದ ಮೇಲೆ ಗಮನ ಇಲ್ಲ," ಅಂದ. ದನಿಯಲ್ಲಿ ನಗುವಿತ್ತು.

ಗೂಟ ಆ ಕೈ ಹಿಡಿದ. ತಟ್ಟೆ ಬಿತ್ತು. ಮಣಿಕಟ್ಟನ್ನು ಎಳೆದು, ಅಂಗೈಯನ್ನು ಒಲೆಯ ಕಬ್ಬಿಣದ ಮೇಲಿಟ್ಟು, ತನ್ನ ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿದ.

ಚುರ್ ಅಂದಿತು. ಭಾವನ ಬಾಯಿಂದ ಮೊದಲು ಸದ್ದೇ ಹೊರಡಲಿಲ್ಲ. ಮುಖ ಕಿಂಡಿಗೆ ಬಂದು ಬಡಿಯಿತು, ಕಣ್ಣುಗುಡ್ಡೆಗಳು ಹೊರಬರುವಂತಾದವು. ಆಮೇಲೆ ಕೂಗಿದ. ಅಡುಗೆಮನೆಯಲ್ಲಿ ಹೊಗೆಯೆದ್ದಿತು; ಹುರಿಯುತ್ತಿದ್ದ ಮಾಂಸದ ವಾಸನೆಗೂ ಈ ವಾಸನೆಗೂ ಹೆಚ್ಚು ಭೇದವಿರಲಿಲ್ಲ. ಬೊಚ್ಚ ತೊಟ್ಟಿಗೆ ವಾಂತಿ ಮಾಡಿದ. ಗೂಟ ಬಿಡಲಿಲ್ಲ. ಆಚೆ ಕಟ್ಟೆಯ ಮೇಲೆ ಬ್ರೆಡ್ಡು ಕೊಯ್ಯುವ ಚಾಕು ಭಾವನ ಎಡಗೈಗೆ ಸಿಕ್ಕಿತು. ಅವನು ಅದನ್ನು ಕಿಂಡಿಯೊಳಗೆ ಬೀಸಿದ. ಗೂಟನ ಕೆನ್ನೆ ಕಿವಿಯಿಂದ ದವಡೆಯವರೆಗೆ ಸೀಳಿತು.

ಆಗ ಗೂಟನ ಕೈ ಸಡಿಲವಾಯಿತು. ಭಾವ ಸುಟ್ಟ ಕೈಯನ್ನು ಎದೆಗವಚಿಕೊಂಡು ಹಾಲಿನ ಕಡೆ ಓಡಿದ. ಗೂಟ ಓಣಿಯಲ್ಲಿ ಅವನನ್ನು ಅಟ್ಟಿಸಿಕೊಂಡು ಹೋದ. ಹಾಲಿನವರು ಕಂಡದ್ದು ಇಷ್ಟು: ಬೆಣ್ಣೆಮಾತಿನ ಮೇಲ್ವಿಚಾರಕ ಚಾಕು ಹಿಡಿದು ಓಡಿಬಂದ, ಅವನ ಹಿಂದೆ ಮುಖದ ಅರ್ಧಭಾಗ ರಕ್ತವಾದ ಗೂಳಿಯಂಥವನೊಬ್ಬ. ಇಬ್ಬರೂ ಸೇರಿ ಮೊದಲ ಮೇಜಿನ ಮೇಲೆ ಬಿದ್ದರು. ಬಿಸಿ ಸೂಪು ಒಬ್ಬ ಹೆಂಗಸಿನ ಮಡಿಲಿಗೆ ಸುರಿಯಿತು. ಬಿಡಿಸಲು ಬಂದ ದಪ್ಪ ಮನುಷ್ಯನೊಬ್ಬ ಬಾಯಿಗೆ ಮೊಣಕೈ ತಿಂದು ಕೂತುಬಿಟ್ಟ. ಚಾಕು ಗೂಟನ ತೋಳಿಗೆ ಮತ್ತೆರಡು ಸಲ ಹೊಕ್ಕಿತು, ಅವನಿಗದು ತಿಳಿಯಲೇ ಇಲ್ಲ. ಭಾವನ ತಲೆಗೂದಲು ಹಿಡಿದು ಮುಖವನ್ನು ಮೇಜಿಗೆ ಬಡಿದ, ಎತ್ತಿದ, ಬಡಿದ. ಬಿಳಿ ಬಟ್ಟೆ ಕೆಂಪಾಯಿತು. ಕಿಟಕಿಯ ಗಾಜು ಒಡೆದು ಗಾಳಿ ಒಳನುಗ್ಗಿತು, ಪರದೆಗಳು ಪಟಪಟನೆ ಬಡಿದುಕೊಂಡವು. ಯಾರೋ ಸರಪಳಿ ಎಳೆದರು. ಗಾಡಿ ನಿಲ್ಲುವ ರಭಸಕ್ಕೆ ಎಲ್ಲರೂ ಮುಗ್ಗರಿಸಿದರು, ಗೂಟ ಮುಗ್ಗರಿಸಲಿಲ್ಲ. ಅವನನ್ನು ಬೀಳಿಸಿದ್ದು ಬೊಚ್ಚ. ಹಿಂದಿನಿಂದ ಬಂದು ಬಾಣಲೆಯಲ್ಲಿ ತಲೆಗೆ ಹೊಡೆದ, ಬಿದ್ದ ಮೇಲೆ ಬೆನ್ನ ಮೇಲೆ ಕೂತ.

"ಸಾಕು ಗೂಟಣ್ಣ. ಸಾಕು," ಅನ್ನುತ್ತ ಅಳುತ್ತಿದ್ದ.

ಕೋರ್ಟಿನಲ್ಲಿ ಅಕ್ಕನನ್ನು ಕರೆದರು. ಗಂಡ ನಿನಗೆ ಹೊಡೆಯುತ್ತಿದ್ದನೇ ಅಂತ ವಕೀಲರು ಕೇಳಿದರು. ವಕೀಲರು ಅವಳ ಸರಿಯಿದ್ದ ಕಿವಿಯ ಕಡೆ ನಿಂತಿದ್ದರು, ಪ್ರಶ್ನೆ ಸರಿಯಾಗಿಯೇ ಕೇಳಿಸಿತ್ತು. "ಇಲ್ಲ" ಅಂದಳು. ಕಿವಿ ಹೇಗೆ ಹೋಯಿತು? "ಜಾರಿ ಬಿದ್ದೆ." ಕಟಕಟೆಯಲ್ಲಿ ನಿಂತ ಗೂಟನಿಗೆ ಕೆನ್ನೆಯ ಹೊಲಿಗೆ ಬಿಚ್ಚಿಕೊಂಡಂತಾಯಿತು. ಅವಳು ಇಳಿದು ಹೋಗುವಾಗ ಅವನ ಕಡೆ ನೋಡಲಿಲ್ಲ. ಅವನಿಗೆ ನಾಲ್ಕು ವರ್ಷ ಜೈಲಾಯಿತು.

ಜೈಲಿನಲ್ಲೂ ಅಡುಗೆಮನೆಗೇ ಹಾಕಿದರು. ಅಲ್ಲಿಯೂ ಸೌಟಿತ್ತು, ಆದರೆ ಅಲ್ಲಿ ಹೊಡೆದರೆ ತಿರುಗಿ ಹೊಡೆಯುವವರಿದ್ದರು. ಬಂದ ಹೊಸತರಲ್ಲೇ ಯಾರ ಮೇಲೋ ಕೈ ಎತ್ತಿ, ನಾಲ್ಕು ಜನರ ಕೈಲಿ ಪಕ್ಕೆಲುಬು ಮುರಿಸಿಕೊಂಡ. ಅಕ್ಕ ಒಮ್ಮೆಯೂ ನೋಡಲು ಬರಲಿಲ್ಲ. ಬರುತ್ತಿದ್ದವನು ಬೊಚ್ಚ ಒಬ್ಬನೇ. ಹಲ್ಲು ಉದುರಿಸಿದವನನ್ನು ನೋಡಲು ಯಾಕೆ ಬರ್ತೀಯ ಅಂತ ಒಮ್ಮೆ ಕೇಳಿದ್ದಕ್ಕೆ, "ನಾನೂ ನಿನ್ನ ತಲೆ ಒಡೆದಿದೀನಲ್ಲ, ಲೆಕ್ಕ ಚುಕ್ತಾ. ಇನ್ನು ಮಾತಾಡೋಕೆ ಏನಡ್ಡಿ?" ಅಂದ.

ಬಿಡುಗಡೆಯ ದಿನವೂ ಗೇಟಿನ ಹತ್ತಿರ ಅವನೇ ನಿಂತಿದ್ದ. ಹಾದಿಯುದ್ದಕ್ಕೂ ಸುದ್ದಿ ಹೇಳಿದ.

"ನಮ್ಮ ಬೋಗಿ ನೋಡಿದ್ರೆ ಗುರುತು ಹಿಡಿಯಲ್ಲ ನೀನು. ಒಲೆ ಕಿತ್ತುಹಾಕಿದ್ರು. ಮೇಜೂ ಇಲ್ಲ, ಕುರ್ಚಿಯೂ ಇಲ್ಲ. ಉದ್ದಕ್ಕೆ ಒಂದು ಕಟ್ಟೆ. ಜನ ಬಂದು ನಿಂತ್ಕೊಂಡೇ ತಿಂತಾರೆ. ಬಫೆ ಅಂತಾರೆ. ಬ್ರೆಡ್ಡು, ಮೊಟ್ಟೆ, ಟೀ, ಮುಗೀತು. ಬಡಿಸೋರು ಬೇಡ, ಅಡುಗೆಯೋರೂ ಬೇಡ."

"ಭಾವ?"

"ಆ ಕೈಲಿ ಏನು ಕೆಲಸ ಮಾಡ್ತಾನೆ? ಮನೇಲಿದಾನೆ. ಡ್ಯೂಟಿ ಮೇಲೆ ಕೈ ಕಳ್ಕೊಂಡ ಅಂತ ಅವನ ಬದಲು ನಿಮ್ಮಕ್ಕನಿಗೆ ಕೆಲಸ ಕೊಟ್ರು. ಬಫೆ ಕಟ್ಟೆ ಹಿಂದೆ ನಿಲ್ಲೋದು ಅವಳೇ."

ಮರುದಿನ ಗೂಟ ಟಿಕೆಟು ತೆಗೆದು ಗಾಡಿ ಹತ್ತಿದ. ಬಿಸಿಲು ಏರಿತ್ತು, ಬೋಗಿಯಲ್ಲಿ ಹೆಚ್ಚು ಜನರಿರಲಿಲ್ಲ. ಅಕ್ಕ ಕಟ್ಟೆಯ ಹಿಂದೆ ಬಾಯ್ಲರಿನಿಂದ ಲೋಟಕ್ಕೆ ನೀರು ಬಿಡುತ್ತಿದ್ದಳು. ಮೈ ಇಳಿದುಹೋಗಿತ್ತು. ಹುಬ್ಬಿನ ಮೇಲೆ ಒಂದು ಹೊಸ ಗಾಯ. ಅವನನ್ನು ನೋಡಿ ಲೋಟ ಕೆಳಗಿಟ್ಟಳು.

"ಟೀ ಕುಡಿತೀಯಾ?" ಅಂದಳು.

"ಅವನಿನ್ನೂ ಹೊಡೀತಾನಾ?"

"ಮೊದಲು ಬಲಗೈಲಿ ಹೊಡೀತಿದ್ದ. ನೀನು ಅದನ್ನ ಸುಟ್ಟೆ. ಎಡಗೈ ರೂಢಿ ಮಾಡ್ಕೊಂಡ. ಅದರಲ್ಲಿ ಬಲ ಕಡಿಮೆ ಅಂತ ಈಗ ಕೋಲು." ಅವಳು ಸಕ್ಕರೆ ಕಲಕುತ್ತ ಹೇಳಿದಳು. "ಅನ್ನ ಕಲಸಿ ಬಾಯಿಗೆ ಇಡೋದು ನಾನು. ಗುಂಡಿ ಹಾಕೋದು ನಾನು. ಹಾಕಿ ಮುಗಿದ ಮೇಲೆ ಹೊಡೀತಾನೆ. ನೀನು ನನಗೆ ಮಾಡಿದ ಉಪಕಾರ ಇದು."

ಗೂಟ ಟೀ ಲೋಟವನ್ನು ಕಟ್ಟೆಯ ಮೇಲಿಟ್ಟ.

"ಕೋರ್ಟಲ್ಲಿ ಯಾಕೆ ಇಲ್ಲ ಅಂದೆ?"

"ಹೌದು ಅಂದಿದ್ರೆ ಅವನ ಕೆಲಸ ನನಗೆ ಕೊಡ್ತಿದ್ರಾ? ನನಗೂ ಹೊಟ್ಟೆ ಇದೆ. ಆಣೆ ಹಾಕಿ ಹೇಳಿದ್ದೆ ನಿನಗೆ, ಬರಬೇಡ ಅಂತ. ನೀನು ನನ್ನ ಸಲುವಾಗಿ ಹೊಡೀಲಿಲ್ಲ ಕಣೋ. ನಿನಗೆ ತಡೀಲಾರದೆ ಹೊಡೆದೆ. ಬೊಚ್ಚನಿಗೆ ಹೊಡೆದ ಹಾಗೇ."

ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರಲ್ಲ ಅಂತ ಗಾದೆ. ಇಲ್ಲಿ ಕೊಯ್ದವನೊಬ್ಬ, ಮೂಗು ಕಳೆದುಕೊಂಡವಳು ಇನ್ನೊಬ್ಬಳು. ಗೂಟ ಅವತ್ತು ಕೊನೆಯ ಸ್ಟೇಷನ್ನಿನವರೆಗೆ ಆ ಕಟ್ಟೆಯ ಮೂಲೆಯಲ್ಲೇ ನಿಂತಿದ್ದ. ಅಕ್ಕ ಹೋಗು ಅನ್ನಲಿಲ್ಲ. ಆಮೇಲೆ ಊರಿನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅವನಿಗೆ ಕೆಲಸ ಸಿಕ್ಕಿತು. ರಜೆ ಇದ್ದಾಗಲೆಲ್ಲ ಬಂದು ಆ ಗಾಡಿ ಹತ್ತುತ್ತಿದ್ದ, ಒಂದು ಟೀ ಹಿಡಿದು ಮೂಲೆಯಲ್ಲಿ ನಿಲ್ಲುತ್ತಿದ್ದ. ಅಕ್ಕ ತಮ್ಮ ಹೆಚ್ಚು ಮಾತಾಡುತ್ತಿರಲಿಲ್ಲ. ಹೀಗೇ ಒಂದು ದಿನ ಅವಳು, ನಾನು ಮನೆ ಬಿಟ್ಟೆ, ರೈಲು ಸಿಬ್ಬಂದಿಯ ವಸತಿಯಲ್ಲಿ ಮಲಗುತ್ತಿದ್ದೇನೆ ಅಂತ ತಿಳಿಸಿದಳು. ಅವಳು ಸರಿಮಾಡಿದಳೋ ತಪ್ಪುಮಾಡಿದಳೋ ಅಂತ ಗೂಟ ಬಾಯಿ ಹಾಕಲಿಲ್ಲ.

ಭಾವ ಅವಳನ್ನು ಹುಡುಕಿಕೊಂಡು ಬಂದ. ಮಧ್ಯಾಹ್ನದ ಗಾಡಿ, ಬಫೆಯ ಮುಂದೆ ಏಳೆಂಟು ಜನ ನಿಂತು ತಿನ್ನುತ್ತಿದ್ದರು. ಗೂಟ ಎಂದಿನ ಮೂಲೆಯಲ್ಲಿದ್ದ. ಭಾವ ಹಳೆಯ ಬಿಳಿ ಕೋಟು ಹಾಕಿಕೊಂಡಿದ್ದ, ಬಲಗೈ ಜೇಬಿನಲ್ಲಿತ್ತು. ಗೂಟನನ್ನು ಅವನು ನೋಡಲಿಲ್ಲ. ನೇರ ಕಟ್ಟೆಗೆ ಬಂದು, ಅದೇ ತಗ್ಗಿದ ದನಿಯಲ್ಲಿ "ಮನೆಗೆ ನಡಿ" ಅಂದ.

"ಬರಲ್ಲ," ಅಂದಳು ಅಕ್ಕ.

"ಜನರ ಮುಂದೆ ಮಾತು ಬೆಳೆಸಬೇಡ. ಮುಂದಿನ ಸ್ಟೇಷನ್ನಲ್ಲಿ ಇಳಿ."

"ಬರಲ್ಲ ಅಂದ್ನಲ್ಲ."

ಅವನು ಎಡಗೈಯಿಂದ ಅವಳ ಜಡೆ ಹಿಡಿದು ಎಳೆದ. ಅವಳ ಹಣೆ ಕಟ್ಟೆಯ ಅಂಚಿಗೆ ಬಡಿಯಿತು. ಎಳೆದು ಇನ್ನೊಂದು ಸಲ ಬಡಿದ. ಲೋಟಗಳು ಉರುಳಿದವು. ನಿಂತವರು ಹಿಂದೆ ಸರಿದರು. ಗೂಟ ಮುಂದೆ ನುಗ್ಗಿದ. ಕಟ್ಟೆಯ ಹಿಂದೆ ಕುಸಿದಿದ್ದ ಅಕ್ಕ ರಕ್ತ ಒರೆಸಿಕೊಳ್ಳುತ್ತ ಅವನ ಕಡೆ ಕೈ ಅಡ್ಡ ಹಿಡಿದಳು.

"ನೀನು ಬರಬೇಡ," ಅಂದಳು.

ಎದ್ದಳು. ಲೋಟ ಇಡುವ ದಪ್ಪ ಉಕ್ಕಿನ ತಟ್ಟೆಯನ್ನು ಎರಡೂ ಕೈಯಿಂದ ಎತ್ತಿಕೊಂಡು ಕಟ್ಟೆ ಸುತ್ತಿ ಈಚೆ ಬಂದಳು. ಮೊದಲ ಏಟು ಭಾವನ ಕಿವಿಗೆ ಬಿತ್ತು. ಎರಡನೆಯದಕ್ಕೆ ಅವನು ಮೊಣಕಾಲೂರಿದ. ಆಮೇಲೆ ಎಷ್ಟು ಅಂತ ಯಾರು ಎಣಿಸಿದರು. ಅಂಚಿನಿಂದ ಹೊಡೆದಳು, ಅಡ್ಡಡ್ಡ ಹೊಡೆದಳು, ತಟ್ಟೆ ಬಾಗಿಹೋಯಿತು. ಹೊಡೆಯುವಾಗ ಅವಳ ಬಾಯಿಂದ ಒಂದು ಸದ್ದು ಬರುತ್ತಿತ್ತು, ಹೆರಿಗೆ ನೋವಿನ ಹೆಂಗಸಿನ ಸದ್ದಿನಂಥದ್ದು. ಅಷ್ಟು ವರ್ಷ ಗೋಡೆಯಾಚೆಯಿಂದ ಗೂಟನಿಗೆ ಕೇಳಿಸದೆ ಇದ್ದದ್ದು ಅದೇ.

ಭಾವ ತಲೆ ಕಾಯಲು ಎರಡೂ ಕೈ ಎತ್ತಿದ. ಆಗ ಗೂಟ ಆ ಬಲಗೈಯನ್ನು ಮೊದಲ ಬಾರಿಗೆ ನೋಡಿದ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡು, ಅಂಗೈ ಒಳಮುದುರಿ, ಬೇಯಿಸಿ ಮರೆತ ಗೆಡ್ಡೆಯ ಹಾಗಿತ್ತು. ತಟ್ಟೆಯ ಅಂಚು ಅದರ ಮೇಲೆ ಬಿದ್ದಾಗ ಹಳೆಯ ಚರ್ಮ ಒಡೆದು ರಕ್ತ ಚಿಮ್ಮಿತು. ಜೀವನವೆಲ್ಲ ಹೊಡೆದಾಟ ಕಂಡವನು, ಮಾಡಿದವನು. ಆದರೂ ಗೂಟ ಮುಖ ತಿರುಗಿಸಿದ. ಭಾವನ ಬಗ್ಗೆ ಕನಿಕರ ಬಂತು ಅಂತಲ್ಲ. ಅಕ್ಕನ ಮುಖ ಅವನಿಗೆ ನೋಡಲಾಗಲಿಲ್ಲ.

ಅವಳು ತಟ್ಟೆ ಎಸೆದು ಬಾಯ್ಲರಿನ ಕಡೆ ತಿರುಗಿದಳು. ಅಲ್ಲಿ ಕುದಿಯುವ ನೀರಿನ ದೊಡ್ಡ ಜಗ್ಗು ತುಂಬಿಕೊಂಡು ನಿಂತಿತ್ತು. ಅದರ ಹಿಡಿಗೆ ಕೈ ಹಾಕಿದಳು. ಉಸ್ತಾದನ ಅಂಗಿ ಗೂಟನ ಕಣ್ಣಿಗೆ ಕಟ್ಟಿತು. ಹಿಂದಿನಿಂದ ಹೋಗಿ ಅವಳನ್ನು ತೋಳುಗಳ ಸಮೇತ ಅವುಚಿ ಹಿಡಿದ.

"ಬಿಡು."

"ಬಿಡಲ್ಲ ಅಕ್ಕ."

ಅವಳು ಹಿಮ್ಮಡಿಯಿಂದ ಅವನ ಕಾಲಿಗೆ ಒದ್ದಳು, ತಲೆಯಿಂದ ಗದ್ದಕ್ಕೆ ಗುದ್ದಿದಳು, ಬಗ್ಗಿ ಮುಂಗೈ ಕಚ್ಚಿದಳು. ಹಲ್ಲು ಮೂಳೆಗೆ ತಾಗಿತು. ಜಗ್ಗು ಉರುಳಿ ನೀರು ಇಬ್ಬರ ಪಾದಗಳ ಮೇಲೂ ಹರಿಯಿತು. ಅವನು ಬಿಡಲಿಲ್ಲ.

"ಸಾಯ್ತಾನೆ ಅಕ್ಕ. ಅವನು ಸತ್ರೆ ನೀನು ಒಳಗೆ ಹೋಗ್ತೀಯ. ಅಲ್ಲಿಗೆ ನಾನು ಹೋಗಿ ಬಂದಿದೀನಿ. ನಿನಗೆ ಬೇಡ."

"ನಿನಗೆ ಬೇಕಾದಾಗ ಹೊಡೀಬಹುದು, ನನಗೆ ಬೇಡವಾ?"

"ಹೊಡೆದೆಯಲ್ಲ. ನೋಡು. ಹೊಡೆದಾಯ್ತು."

ಅವಳು ನೋಡಿದಳು. ಭಾವ ನೆಲದ ಮೇಲೆ ಬಿಸಿನೀರು ತನ್ನ ಕಡೆ ಬರದಂತೆ ತೆವಳಿಕೊಂಡು ಹಿಂದೆ ಸರಿಯುತ್ತಿದ್ದ. ಅವಳ ಮೈಯ ಬಿಗಿ ಇಳಿಯಿತು. ಆಮೇಲೂ ಗೂಟ ತುಂಬಾ ಹೊತ್ತು ಹಾಗೇ ಹಿಡಿದುಕೊಂಡಿದ್ದ.

ಮುಂದಿನ ಸ್ಟೇಷನ್ನಿನಲ್ಲಿ ಪೊಲೀಸರು ಹತ್ತಿದರು. ಮೊದಲು ಕೈ ಮಾಡಿದವನು ಅವನೇ ಅಂತ ತಿನ್ನುತ್ತ ನಿಂತಿದ್ದವರೆಲ್ಲ ಒಂದೇ ದನಿಯಲ್ಲಿ ಹೇಳಿದರು. ಅದರಲ್ಲೊಬ್ಬ ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ ಹೇಳಿದ. ಈ ಸಲ ಅಕ್ಕನೂ ಬಾಯಿ ಬಿಟ್ಟಳು. ಕಿವಿಯಿಂದ ಶುರುಮಾಡಿ ಮಣಿಕಟ್ಟಿನವರೆಗೆ ಒಂದೊಂದನ್ನೂ ತೋರಿಸಿ ಹೇಳಿದಳು. ಭಾವನನ್ನು ಆಸ್ಪತ್ರೆಗೆ ಒಯ್ದರು. ಗುಣವಾದ ಮೇಲೆ ಅವನು ಬೇರೆ ಊರಿನಲ್ಲಿದ್ದ ತನ್ನ ತಮ್ಮನ ಮನೆ ಸೇರಿದ, ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಎಷ್ಟೋ ವರ್ಷಗಳ ಮೇಲೆ ಸತ್ತ ಸುದ್ದಿ ಬಂದಾಗ ಅಕ್ಕ ಒಬ್ಬಳೇ ಹೋಗಿ ಬಂದಳು. ಬಂದವಳೇ ಸ್ನಾನ ಮಾಡಿ, ಎರಡು ತಟ್ಟೆ ಊಟ ಮಾಡಿದಳು.

ಬಫೆಯೂ ಹೆಚ್ಚು ಕಾಲ ಉಳಿಯಲಿಲ್ಲ. ತಳ್ಳುಗಾಡಿ ಬಂತು, ಎಲ್ಲೋ ಮಾಡಿ ಡಬ್ಬಿಗೆ ತುಂಬಿದ ಊಟ ಬಂತು, ಬೋಗಿಯನ್ನು ಬಿಚ್ಚಿ ಪಕ್ಕಕ್ಕಿಟ್ಟರು. ಅಷ್ಟರಲ್ಲಿ ಅಕ್ಕ ತಮ್ಮ ಇಬ್ಬರೂ ಸೇರಿ ಗೂಡ್ಸ್ ಗೇಟಿನ ಎದುರು ಒಂದು ಹೋಟೆಲು ಇಟ್ಟಿದ್ದರು. ಬೊಚ್ಚನೂ ಅಲ್ಲಿಗೇ ಬಂದ. ಕೂಲಿಗಳು, ಡ್ರೈವರುಗಳು ಗಿರಾಕಿಗಳು. ನೆಲ ಕುಲುಕದ ಅಡುಗೆಮನೆಯಲ್ಲಿ ಗೂಟನಿಗೆ ಮೊದಮೊದಲು ಬಹಳ ಕಷ್ಟವಾಯಿತು. ಮೈ ತಾನಾಗಿಯೇ ತಿರುವಿಗೆ ಸಜ್ಜಾಗಿ ವಾಲುತ್ತಿತ್ತು, ತಿರುವು ಬರುತ್ತಿರಲಿಲ್ಲ.

ಅವನು ಪೂರ್ತಿ ಬದಲಾದ ಅಂತ ಹೇಳಿದರೆ ಸುಳ್ಳಾಗುತ್ತದೆ. ಒಂದು ಮಧ್ಯಾಹ್ನ ಹೋಟೆಲು ತುಂಬಿದ್ದಾಗ ಬೊಚ್ಚ ಹಾಲು ಸೀಯಿಸಿದ. ಗೂಟನ ಕೈ ಹಳೆಯ ದಾರಿ ಹಿಡಿಯಿತು, ಸೌಟು ಬೊಚ್ಚನ ಬೆನ್ನಿಗೆ ಬಿತ್ತು. ಬೊಚ್ಚ ತಿರುಗಿದ. ಇಂಥ ಏಟುಗಳನ್ನು ಎಷ್ಟೋ ವರ್ಷ ನುಂಗಿದ್ದವನು, ಅವತ್ತು ಯಾಕೋ ನುಂಗಲಿಲ್ಲ. ಒಲೆಗೆ ಇಟ್ಟಿದ್ದ ಸೌದೆ ತುಂಡೊಂದನ್ನು ಎತ್ತಿ ಭುಜಕ್ಕೆ ಬೀಸಿದ. ಗೂಟನ ಕೊರಳಿನ ಪಕ್ಕದ ಮೂಳೆ ಲಟಕ್ಕನೆ ಮುರಿಯಿತು. ಅವನು ನೋವಿಗೆ ಬಗ್ಗಿದ, ಮತ್ತೆ ನೆಟ್ಟಗಾದ. ಸೌಟು ಇನ್ನೂ ಕೈಯಲ್ಲೇ ಇತ್ತು. ಬೊಚ್ಚ ಸೌದೆ ಹಿಡಿದು ಕಾದ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಈ ಸಲ ಬರಲೂ ಇಲ್ಲ, ಬೇಡ ಅನ್ನಲೂ ಇಲ್ಲ.

ಗೂಟ ಸೌಟನ್ನು ಪಾತ್ರೆಗೆ ಹಾಕಿದ.

"ಹಾಲು ಬೇರೆ ಇಡು. ನನ್ನ ಕೈ ಏಳಲ್ಲ," ಅಂದ.

"ಡಾಕ್ಟರ ಹತ್ರ ಕರ್ಕೊಂಡು ಹೋಗ್ಲಾ?" ಬೊಚ್ಚ ಕೇಳಿದ.

"ಊಟದ ಹೊತ್ತು ಮುಗೀಲಿ."

ಮೂಳೆ ಕೂಡುವವರೆಗೂ ಅಡುಗೆ ಮಾಡಿದ್ದು ಬೊಚ್ಚ. ಗೂಟ ಸ್ಟೂಲಿನ ಮೇಲೆ ಕೂತು, ಕೈಯನ್ನು ಅಕ್ಕನ ಹಳೆಯ ಸೀರೆಯ ಚೂರಿನಲ್ಲಿ ಕೊರಳಿಗೆ ಕಟ್ಟಿಕೊಂಡು, ಉಪ್ಪು ಎಷ್ಟು, ಉರಿ ಎಷ್ಟು ಅಂತ ಬಾಯಲ್ಲಿ ಹೇಳಿಕೊಟ್ಟ. ಮೊದಲ ವಾರ ಬರೀ ಬೈಗುಳ. ಆಮೇಲೆ ಬೈಗುಳದ ನಡುವೆ ಅಷ್ಟಿಷ್ಟು ಅಡುಗೆಯ ಮಾತೂ ಬಂತು. ಬೊಚ್ಚನ ಕೈರುಚಿಯೇ ಚೆನ್ನಾಗಿದೆ ಅಂತ ಡ್ರೈವರುಗಳು ಹೇಳತೊಡಗಿದಾಗ ಗೂಟನಿಗೆ ಹೊಟ್ಟೆಕಿಚ್ಚಾಯಿತು, ಆದರೂ ಕೈ ಸರಿಹೋದ ಮೇಲೆ ಒಲೆಯ ಅರ್ಧ ಜಾಗ ಬೊಚ್ಚನಿಗೇ ಬಿಟ್ಟುಕೊಟ್ಟ.